ಬೀಳಗಿ ಸೀಮೆಯ ಎರಿ ಹೊಲದಲ್ಲಿ ಸೆಳೆವಕ್ಕೆ ಉಂಗುರ

ಶುಕ್ರವಾರ

ಜನವರಿಯಲ್ಲಿ ಧಾರವಾಡದಿಂದ ಸವದತ್ತಿ, ಯರಗಟ್ಟಿಯ ಮೇಲೆ ಲೋಕಾಪುರಕ್ಕೆ ಹೋಗುವವರು ಹೊತ್ತು ಮುಳುಗುವ ಮೊದಲೇ ದಾರಿ ಮುಗಿಸುವುದು ಒಳ್ಳೆಯದು. ಅದು ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರುಗಳಿಗೆ ಆಳೆತ್ತರ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಮುಧೋಳದ ಕಡೆಯ ಕಾರ್ಖಾನೆಗಳಿಗೆ ಸಾಲುಗಟ್ಟಿ ಸಾಗುತ್ತಿರುತ್ತವೆ. ಹಿಂದಿನ ಟ್ರೇಲರಿಗೆ ಕೆಂಪು ದೀಪ ಹೋಗಲಿ, ಹೊಳೆಯುವ ಒಂದು ಪಟ್ಟಿಯೂ ಇರುವುದಿಲ್ಲ. ಸ್ಪೀಕರಿನ ಹಾಡು ಮಾತ್ರ ಅರ್ಧ ಮೈಲಿ ಮೊದಲೇ ಕೇಳಿಸುತ್ತದೆ. ನಾವು ಕಲಾದಗಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. 1885ರವರೆಗೆ ಜಿಲ್ಲಾ ಕೇಂದ್ರವಾಗಿದ್ದ ಈ ಊರನ್ನು ಈಗ ಎಲ್ಲರೂ ಚಿಕ್ಕು ಮತ್ತು ದಾಳಿಂಬೆಯಿಂದಲೇ ಗುರುತಿಸುತ್ತಾರೆ. ರಸ್ತೆಬದಿಯ ಬುಟ್ಟಿಗಳನ್ನು ಮರಳುವಾಗ ನೋಡೋಣವೆಂದು ನಿಲ್ಲಿಸದೆ ಮುಂದೆ ಹೋಗಿ, ಬಾಗಲಕೋಟೆಯ ನವನಗರದಲ್ಲಿ ಉಳಿದುಕೊಂಡೆವು. ನಸುಕಿನಲ್ಲೇ ಏಳಬೇಕಾದವರಿಗೆ ಹೊಲಕ್ಕೆ ಹತ್ತಿರದ ಊರೇ ಅನುಕೂಲವೆನಿಸಬಹುದು. ಆದರೆ ಬಿಸಿನೀರು ಮತ್ತು ರಾತ್ರಿಯ ಊಟದ ಚಿಂತೆ ಇಲ್ಲದಿರಲು ನವನಗರವೇ ಲೇಸು.

ನಮ್ಮನ್ನು ಕರೆದವರು ಬೇಟೆಹಕ್ಕಿಗಳನ್ನು ಅಧ್ಯಯನ ಮಾಡುವ ಒಬ್ಬ ಸಂಶೋಧಕರು. ಚಳಿಗಾಲಕ್ಕೆಂದು ನಮ್ಮ ಬಯಲುಸೀಮೆಗೆ ಬರುವ ಸೆಳೆವಗಳನ್ನೂ (ಹ್ಯಾರಿಯರ್) ಚಾಣಗಳನ್ನೂ (ಕೆಸ್ಟ್ರೆಲ್) ಹಿಡಿದು, ಅಳೆದು, ಮುಂದೆ ಎಲ್ಲಿಯಾದರೂ ಸಿಕ್ಕರೆ ಗುರುತು ತಿಳಿಯಲೆಂದು ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸಿ ಬಿಡುವ ಕೆಲಸ ಅವರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಈ ಹಕ್ಕಿಗಳನ್ನು ಹಿಡಿಯುವುದು ಅಪರಾಧ. ಆದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿಯನ್ನು ಅವರು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಸದಾ ಜೀಪಿನ ಕನ್ನಡಿಯ ಹಿಂದೆಯೇ ಇಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಒಂದು ವಾರಾಂತ್ಯ ಆಸಕ್ತರನ್ನು ಜೊತೆಗೆ ಕರೆದೊಯ್ಯುತ್ತಾರೆ. ಈ ಸಲ ನನ್ನ ಜೊತೆ ಒಬ್ಬ ನಿವೃತ್ತ ಶಾಲಾ ಮಾಸ್ತರರು, ಬಾಗಲಕೋಟೆಯ ಕಾಲೇಜಿನ ಮೂವರು ವಿದ್ಯಾರ್ಥಿಗಳು, ಹುಬ್ಬಳ್ಳಿಯ ಇಬ್ಬರು ಛಾಯಾಗ್ರಾಹಕರು, ಅಮೆರಿಕದಿಂದ ಬೆಳಗಾವಿಗೆ ಮರಳಿದ ಒಂದು ದಂಪತಿ ಮತ್ತು ಅವರ ಮಗಳು ಇದ್ದರು.

ಶನಿವಾರ

ಬೆಳಗಿನ ಚಹಾ ಗದ್ದನಕೇರಿ ಕ್ರಾಸಿನಲ್ಲಿ ಆಯಿತು. ಬೀಳಗಿಯ ಕಡೆ ತಿರುಗಿದ ಮೇಲೆ ರಸ್ತೆಯ ಎರಡೂ ಬದಿಗೆ ಹಿಂಗಾರಿ ಬೆಳೆ: ತೆನೆ ಬಿಟ್ಟ ಬಿಳಿಜೋಳ, ಅದರ ಅಂಚಿಗೆ ಕುಸುಬಿ, ಮುಂದೆ ಮೊಳಕಾಲೆತ್ತರದ ಕಡಲೆ. ಹಿಂದಿನ ದಿನ ಅಕಾಲದ ನಾಲ್ಕು ಹನಿ ಬಿದ್ದಿದ್ದವು. ಎರಿ ಮಣ್ಣಿಗೆ ಅಷ್ಟೇ ಸಾಕು. ಜೀಪಿನಿಂದ ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಬ್ಬೊಬ್ಬರ ಬೂಟಿಗೂ ಎರಡು ಬೆರಳು ದಪ್ಪದ ಮಣ್ಣು ಮೆತ್ತಿಕೊಂಡಿತು. ಮಾಸ್ತರರು ಮಾತ್ರ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಸರಸರ ನಡೆದರು. ಎರಿ ಹೊಲಕ್ಕೆ ಹೋಗುವವರು ದುಬಾರಿ ಬೂಟು ಕೊಳ್ಳುವ ಬದಲು, ಕೆರೆದು ತೆಗೆಯಲು ಒಂದು ಮುರುಕು ಕುಡುಗೋಲು ಇಟ್ಟುಕೊಳ್ಳುವುದು ಮೇಲು.

ಬೆಳಗಿನ ಕೆಲಸ ಚಾಣಗಳದು. ಪಾರಿವಾಳಕ್ಕಿಂತ ತುಸು ಚಿಕ್ಕದಾದ ಈ ಇಟ್ಟಿಗೆ ಬಣ್ಣದ ಬೇಟೆಹಕ್ಕಿ, ಗಾಳಿಗೆ ಎದುರಾಗಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ನೆಲವನ್ನು ನೋಡುವುದನ್ನು ಈ ಭಾಗದ ರೈತರೆಲ್ಲ ಕಂಡಿರುತ್ತಾರೆ. ಬೇಟೆಯಿಲ್ಲದ ಹೊತ್ತಿನಲ್ಲಿ ಅದು ಕೂರುವುದು ರಸ್ತೆಬದಿಯ ವಿದ್ಯುತ್ ತಂತಿಯ ಮೇಲೆ. ಹಿಡಿಯುವ ಸಾಧನದ ಹೆಸರು ಬಾಲ್‌ಚತ್ರಿ: ಸಣ್ಣ ತಂತಿಬಲೆಯ ಪಂಜರ, ಒಳಗೆ ಎರಡು ಬಿಳಿ ಇಲಿ, ಪಂಜರದ ಮೇಲೆಲ್ಲ ತೆಳು ನೈಲಾನ್ ದಾರದ ಕುಣಿಕೆಗಳು. ಇಲಿಗಾಗಿ ಎರಗಿದ ಹಕ್ಕಿಯ ಬೆರಳು ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಪಂಜರಕ್ಕೆ ಕಟ್ಟಿದ ಭಾರದಿಂದಾಗಿ ಅದನ್ನು ಎತ್ತಿಕೊಂಡು ಹಾರಲಾಗುವುದಿಲ್ಲ. ಹಿಂದೆ ನಮ್ಮ ದೇಶದ ಡೇಗೆಗಾರರು, ಅಂದರೆ ಬೇಟೆಹಕ್ಕಿಗಳನ್ನು ಪಳಗಿಸಿ ಬೇಟೆಯಾಡುತ್ತಿದ್ದವರು, ಕುದುರೆಯ ಬಾಲದ ಕೂದಲಿನಿಂದ ಈ ಕುಣಿಕೆಗಳನ್ನು ಹೆಣೆಯುತ್ತಿದ್ದರು. ಅಮೆರಿಕದ ಇಬ್ಬರು ಸಂಶೋಧಕರು 1959ರಲ್ಲಿ ಪಕ್ಷಿ ಉಂಗುರದ ಪತ್ರಿಕೆಯೊಂದರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ ಅಲ್ಲಿನವರಿಗೆಲ್ಲ ಇದು ನೆಚ್ಚಿನ ಸಾಧನವಾಯಿತು. ಇಂದು ಅಲ್ಲಿನ ಉಂಗುರ ಕೇಂದ್ರಗಳಲ್ಲಿ ಬಳಸುವ ದೋಗಜ ಎಂಬ ನಿಲುವು ಬಲೆಯೂ ನಮ್ಮ ಕಡೆಯಿಂದಲೇ ಹೋದದ್ದು.

ಪಂಜರವನ್ನು ಇಡುವ ರೀತಿ ನೋಡುವಂಥದು. ತಂತಿಯ ಮೇಲೆ ಚಾಣ ಕಂಡೊಡನೆ ಜೀಪು ನಿಲ್ಲುವುದಿಲ್ಲ. ವೇಗ ತುಸು ತಗ್ಗಿಸಿ, ಹಕ್ಕಿಗೆ ಕಾಣದ ಬದಿಯ ಬಾಗಿಲನ್ನು ಅರ್ಧ ತೆರೆದು, ಪಂಜರವನ್ನು ರಸ್ತೆಯಂಚಿಗೆ ಜಾರಿಸಿ ಹಾಗೆಯೇ ಮುಂದೆ ಸಾಗುತ್ತಾರೆ. ಗಾಡಿ ನಿಂತರೆ ಹಕ್ಕಿ ಹಾರಿಹೋಗುತ್ತದೆ, ನಿಲ್ಲದೆ ಹೋಗುವ ಗಾಡಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲ ಸಲ ಪಂಜರದ ಮೇಲೆ ಬಂದು ಕುಳಿತದ್ದು ಕಾಗೆ. ಎರಡನೆಯ ಸಲ ಒಂದು ನಾಯಿ ಮೂಸಿ ನೋಡಿತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಪೆಟ್ಟಿಗೆಯ ಮೂಲೆ ಕಡಿದು ಹೊರಬಂದ ಮತ್ತೊಂದು ಇಲಿ ಒಬ್ಬ ವಿದ್ಯಾರ್ಥಿಯ ಪ್ಯಾಂಟಿನೊಳಗೆ ನುಸುಳಿ, ಅವನು ಚಲಿಸುವ ಜೀಪಿನಿಂದ ಜಿಗಿಯುವುದೊಂದು ಬಾಕಿ ಉಳಿಯಿತು. ಇಲಿ ಸಿಕ್ಕ ಮೇಲೂ ಅವನು ಮಧ್ಯಾಹ್ನದವರೆಗೆ ಕಾಲು ಮೇಲೆತ್ತಿಕೊಂಡೇ ಕುಳಿತಿದ್ದ.

ಬಿಸಿಲು ಏರುವ ಹೊತ್ತಿಗೆ ಒಂದು ಹೆಣ್ಣು ಚಾಣ ಸಿಕ್ಕಿತು. ಎರಗಿದ್ದು ಕಂಡಿತು, ಸಿಕ್ಕಿಕೊಂಡದ್ದು ಕಾಣಲಿಲ್ಲ. ಸಂಶೋಧಕರು ಆಗಲೇ ಓಡುತ್ತಿದ್ದರು. ಬೇಟೆಹಕ್ಕಿಯನ್ನು ಹಿಡಿಯುವಾಗ ಕೊಕ್ಕಿಗೆ ಹೆದರಬೇಕಿಲ್ಲ, ಉಗುರುಗಳಿಗೆ ಹೆದರಬೇಕು ಎಂದು ಅವರು ಮೊದಲೇ ಹೇಳಿದ್ದರು. ಎರಡೂ ಕಾಲುಗಳನ್ನು ಒಂದೇ ಹಿಡಿತದಲ್ಲಿ ಹಿಡಿದು, ತಲೆಗೆ ಬಟ್ಟೆಯ ಟೊಪ್ಪಿಗೆ ಹಾಕಿದ ಕೂಡಲೇ ಹಕ್ಕಿ ಸುಮ್ಮನಾಯಿತು. ಕಣ್ಣಿಗೆ ಏನೂ ಕಾಣದಿದ್ದರೆ ಅದರ ಗಾಬರಿ ಅರ್ಧಕ್ಕೆ ಇಳಿಯುತ್ತದಂತೆ. ಆಮೇಲೆ ರೆಕ್ಕೆಯ ಉದ್ದ, ಬಾಲದ ಉದ್ದ, ಕಾಲಿನ ದಪ್ಪ, ತೂಕ, ಕೊರಳ ಚೀಲ ತುಂಬಿದೆಯೋ ಖಾಲಿಯೋ, ಯಾವ ಗರಿ ಹೊಸದು, ಯಾವುದು ಹಳೆಯದು ಎಲ್ಲವನ್ನೂ ಅವರು ಹೇಳುತ್ತ ಹೋದರು, ಮಾಸ್ತರರು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ಕಡೆಗೆ ಅಲ್ಯೂಮಿನಿಯಂ ಉಂಗುರ. ಇಕ್ಕಳದ ಬಾಯಲ್ಲಿ ಅದನ್ನು ಕಾಲಿನ ಸುತ್ತ ಒತ್ತಿ, ಸಲೀಸಾಗಿ ಮೇಲೆ ಕೆಳಗೆ ಜಾರುತ್ತದೆಯೇ, ಎಲ್ಲಿಯಾದರೂ ಅಂಚು ತಾಗುತ್ತದೆಯೇ ಎಂದು ಉಗುರಿನಿಂದ ಆಡಿಸಿ ನೋಡಿದರು. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ.

ಇಲ್ಲಿ ಬೆಳಗಾವಿಯ ದಂಪತಿಗೆ ಸ್ವಲ್ಪ ನಿರಾಸೆಯಾಯಿತು. ಅವರು ಅಮೆರಿಕದಲ್ಲಿದ್ದಾಗ ಮಿನೆಸೋಟ ರಾಜ್ಯದ ಡುಲೂತ್ ಪಟ್ಟಣದ ಮೇಲಿರುವ ಹಾಕ್ ರಿಜ್ ಎಂಬ ಗುಡ್ಡಕ್ಕೆ ಹೋಗಿದ್ದರು. ಅಲ್ಲಿ ದೇಣಿಗೆ ಕೊಟ್ಟವರ ಕೈಗೆ ಉಂಗುರ ತೊಡಿಸಿದ ಹಕ್ಕಿಯನ್ನು ಕೊಟ್ಟು ಅವರಿಂದಲೇ ಹಾರಿಬಿಡಿಸುವ ಪದ್ಧತಿ ಇದೆ, ಮಗಳಿಗೂ ಹಾಗೊಂದು ಅವಕಾಶ ಸಿಗಬಹುದೆಂದು ಅವರು ಎಣಿಸಿದ್ದರು. ಸಂಶೋಧಕರು ನಯವಾಗಿಯೇ ಒಪ್ಪಲಿಲ್ಲ. ತನಗೆ ದೊರೆತ ಅನುಮತಿ ತನ್ನ ಕೈಗಳಿಗೆ ಮಾತ್ರ ಎಂದರು. ನನಗೆ ಅದೇ ಸರಿ ಎನ್ನಿಸಿತು. ಸುಪೀರಿಯರ್ ಸರೋವರವನ್ನು ದಾಟಲು ಒಲ್ಲದ ಹಕ್ಕಿಗಳೆಲ್ಲ ದಂಡೆಗುಂಟ ಸಾಗಿ ಆ ಒಂದು ಗುಡ್ಡದ ಮೇಲೆ ಒತ್ತೊತ್ತಾಗಿ ಹಾಯುತ್ತವೆ. 2003ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಬೇಟೆಹಕ್ಕಿಗಳನ್ನು ಅಲ್ಲಿ ಎಣಿಸಿದ್ದಾರೆ. ಅಷ್ಟು ಸಮೃದ್ಧಿ ಇರುವಲ್ಲಿ ಸಂದರ್ಶಕರಿಗೆ ಒಂದನ್ನು ಕೊಡಬಹುದು. ನಮ್ಮ ದಖ್ಖನ್ನಿನಲ್ಲಿ ಹಕ್ಕಿಗಳನ್ನು ಒಂದೆಡೆ ಕೂಡಿಸುವ ಸರೋವರವೂ ಇಲ್ಲ, ಬೆಟ್ಟಸಾಲೂ ಇಲ್ಲ. ಅವು ಸಾವಿರಾರು ಹೊಲಗಳ ಮೇಲೆ ಚದುರಿ ಹೋಗುತ್ತವೆ, ಇಡೀ ದಿನ ಅಲೆದರೂ ಕೈಗೆ ಸಿಗುವುದು ಒಂದೋ ಎರಡೋ. ಹುಡುಗಿಗೆ ಉಂಗುರದ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಕೊಟ್ಟರು. ಅವಳು ಎರಡು ಸಲ ಓದಿದಳು, ಎರಡೂ ಸಲ ತಾಳೆಯಾಯಿತು, ಚಾಣವನ್ನು ಸಂಶೋಧಕರು ಕಡಲೆಯ ಹೊಲದ ಮೇಲೆ ಬಿಟ್ಟರು.

ಮಧ್ಯಾಹ್ನದ ಊಟಕ್ಕೆ ಜೀಪು ನಿಲ್ಲಿಸಿದ್ದು ಒಂದು ಜೋಳದ ಹೊಲದ ಬದುವಿನಲ್ಲಿ. ಕಟ್ಟಿಸಿಕೊಂಡು ಬಂದ ರೊಟ್ಟಿ ಬಿಚ್ಚುವ ಮೊದಲೇ ಹೊಲದ ಯಜಮಾನರು, ಎಪ್ಪತ್ತರ ಆಸುಪಾಸಿನವರು, ತಲೆಗೆ ಟವೆಲು ಸುತ್ತಿಕೊಂಡು ಬಂದರು.

"ಏನ್ ಸರ್ವೇ ಮಾಡಾಕತ್ತೀರ್ರೀ? ಮತ್ತ ಕಾಲುವಿ ಬರ್ತೈತೇನು?"

ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟವರ ತಾಲ್ಲೂಕಿನಲ್ಲಿ, ಅಳತೆ ಪಟ್ಟಿ ಹಿಡಿದು ಬಂದ ಅಪರಿಚಿತರಿಗೆ ಆ ಪ್ರಶ್ನೆ ಬರುವುದು ಸಹಜ. ಹಕ್ಕಿಯ ವಿಷಯವೆಂದು ತಿಳಿದ ಮೇಲೆ ಅವರ ಮುಖ ಸಡಿಲಾಯಿತು. "ಹಂಗಾರ ಇಲ್ಲೇ ಕುಂದರ್ರಿ, ಸೀತನಿ ತಿನ್ನುವಂತ್ರಿ" ಎಂದು ಒಳಗೆ ಹೋಗಿ, ಹಾಲುಗಾಳಿನ ತೆನೆಗಳನ್ನು ಮುರಿದು ತಂದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಗೋಣಿಯ ಮೇಲೆ ಬಡಿದು ಕಾಳು ಉದುರಿಸಿದರು. ಸೀತನಿಯ ಜೊತೆ ಬೆಲ್ಲ, ಶೇಂಗಾ ಹಿಂಡಿ. ಅವರ ಹೆಂಡತಿ ಕೊಟ್ಟು ಕಳಿಸಿದ ಕೆನೆಮೊಸರು ಮತ್ತು ಎಣ್ಣೆಗಾಯಿ ಬಂದ ಮೇಲೆ ನಮ್ಮ ಹೋಟೆಲಿನ ಪೊಟ್ಟಣಗಳನ್ನು ಯಾರೂ ಮುಟ್ಟಲಿಲ್ಲ. ಜನವರಿಯ ಎರಡು ಮೂರು ವಾರ ಮಾತ್ರ ಸಿಗುವ ಈ ತಿನಿಸಿಗೆಂದೇ ಈ ಕಡೆ ಬಂದರೂ ತಪ್ಪಿಲ್ಲ.

ಸಂಜೆ ನಾಲ್ಕಕ್ಕೆ ಸೆಳೆವಗಳು ಇರುಳು ತಂಗುವ ಜಾಗಕ್ಕೆ ಹೋದೆವು. ಅದು ಯಡಹಳ್ಳಿ ಚಿಂಕಾರ ವನ್ಯಧಾಮದ ಗಡಿಯಿಂದ ಆಚೆ ಇರುವ ಒಂದು ಹುಲ್ಲುಗಾವಲು ಎಂದಷ್ಟೇ ಇಲ್ಲಿ ಹೇಳುತ್ತೇನೆ. ಊರಿನ ಹೆಸರು ಬರೆದರೆ ಮುಂದಿನ ವಾರವೇ ಹತ್ತು ಕಾರುಗಳು ಹುಲ್ಲಿನೊಳಗೆ ನುಗ್ಗುತ್ತವೆ. ಹದ್ದು ಗಿಡುಗಗಳು ಮರದ ಮೇಲೆ ಮಲಗಿದರೆ, ಸೆಳೆವಗಳು ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ, ಹಲವು ಒಟ್ಟಾಗಿ ಮಲಗುತ್ತವೆ. ನಾಯಿ, ನರಿ, ಬೆಂಕಿ, ಟ್ರ್ಯಾಕ್ಟರು ಯಾವುದು ಬಂದರೂ ಇಡೀ ಗುಂಪು ಚೆದುರುತ್ತದೆ. ನಸುಗಪ್ಪು ಬಟ್ಟೆ ತೊಟ್ಟು ಬರುವಂತೆ ಹೇಳಿದ್ದರೂ ಒಬ್ಬ ಛಾಯಾಗ್ರಾಹಕರು ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ಬಂದಿದ್ದರು; ಅದರ ಮೇಲೆ ಮಾಸ್ತರರ ಕಂಬಳಿ ಹೊದಿಸಲಾಯಿತು.

ಐದೂವರೆಯ ನಂತರ ಬರತೊಡಗಿದವು. ಮೊದಲು ದೂರದ ಜೋಳದ ತೆನೆಗಳ ಮೇಲೆ ಒಂದು, ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ವಾಲುತ್ತ, ಆಳೆತ್ತರದಲ್ಲಿ ತೇಲಿ ಬಂತು. ಸೆಳೆವ ನೋಡಿ ಮಾತ್ರವಲ್ಲ, ಕೇಳಿಯೂ ಬೇಟೆಯಾಡುತ್ತದೆ. ಅದರ ಮುಖದ ಸುತ್ತ ಗೂಬೆಗಿರುವ ಹಾಗೆ ಗರಿಗಳ ತಟ್ಟೆಯಿದ್ದು, ಹುಲ್ಲಿನೊಳಗಿನ ಇಲಿಯ ಸದ್ದನ್ನು ಅದು ಕಿವಿಗೆ ತಲುಪಿಸುತ್ತದೆ. ಹಿಂದೆ ಇನ್ನೊಂದು, ಮತ್ತೆರಡು. ಬೂದುಬಣ್ಣದ ಮೈಗೆ ರೆಕ್ಕೆಯ ಮೇಲೆ ಕಪ್ಪು ಪಟ್ಟೆ ಇದ್ದುದು ಮಾಂಟೆಗು ಸೆಳೆವದ ಗಂಡು; ಅದಕ್ಕಿಂತ ಬೆಳ್ಳಗೆ, ರೆಕ್ಕೆಯ ತುದಿಯಲ್ಲಿ ಮಾತ್ರ ಕಪ್ಪು ಇದ್ದುದು ಬಿಳಿ ಸೆಳೆವ. ಹೆಣ್ಣುಗಳು ಎರಡರಲ್ಲೂ ಕಂದು, ಬಾಲದ ಬುಡದಲ್ಲಿ ಬಿಳಿ. ಇಳಿಯುವ ಮೊದಲು ಅವು ಹುಲ್ಲಿನ ಮೇಲೆ ಸುತ್ತಿದವು, ಇಳಿದವು, ಏನೋ ಸರಿಹೋಗದೆ ಮತ್ತೆ ಎದ್ದವು. ಗಾಳಿ ಜೋರಾಗಿ ಬಲೆ ಹೊಟ್ಟೆ ಉಬ್ಬಿಸಿ ನಿಂತದ್ದರಿಂದ ಒಂದೂ ಸಿಗಲಿಲ್ಲ. ಕತ್ತಲಾಗುವ ಮೊದಲೇ ಬಲೆ ಸುತ್ತಿದರು. ಹಕ್ಕಿ ತಂಗುವ ಜಾಗದೊಳಗೆ ಹೋಗದೆ, ಅದು ಬರುವ ದಾರಿಯಲ್ಲಿ ದೂರದಲ್ಲೇ ಬಲೆ ಕಟ್ಟುವುದು ಅವರ ನಿಯಮ, ಕೈಗೆ ಸಿಗುವುದು ಕಡಿಮೆಯಾದರೂ ಸರಿ.

ಭಾನುವಾರ

ನಸುಕಿನ ಐದು ಗಂಟೆಗೆ ಕೈಬೆರಳು ಮಡಚಲು ಬಾರದಷ್ಟು ಚಳಿ. ಬಾಗಲಕೋಟೆಯೆಂದರೆ ಬಿಸಿಲು ಎಂದು ನಂಬಿ ತೆಳು ಅಂಗಿಯಲ್ಲಿ ಬಂದ ವಿದ್ಯಾರ್ಥಿಗಳು ಜೀಪಿನ ಬಾನೆಟ್ಟಿಗೆ ಅಂಗೈ ಒತ್ತಿ ನಿಂತಿದ್ದರು. ಗಾಳಿ ಬಿದ್ದಿತ್ತು. ಬಲೆ ಕಟ್ಟಿ, ಬದುವಿನ ಹಿಂದೆ ಕುಳಿತು, ಪೂರ್ವ ಕೆಂಪಾದ ಸ್ವಲ್ಪ ಹೊತ್ತಿಗೆ ಸೆಳೆವಗಳು ಒಂದೊಂದಾಗಿ ಹುಲ್ಲಿನಿಂದ ಮೇಲೆದ್ದವು. ಒಂದು ಬಲೆಯ ಕಡೆಗೇ ತಗ್ಗಿನಲ್ಲಿ ಬಂದು ಸಿಕ್ಕಿಕೊಂಡಿತು.

ಕೈಗೆ ಬಂದಾಗ ಅದು ಎಷ್ಟು ಹಗುರವೆಂದು ತಿಳಿಯಿತು. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು ಅಗಲ, ತೂಕ ಮಾತ್ರ 340 ಗ್ರಾಂ. ಎದೆ ಹೊಟ್ಟೆಗಳೆಲ್ಲ ಗೆರೆಯಿಲ್ಲದ ಕಿತ್ತಳೆಗಂದು, ಆದ್ದರಿಂದ ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಮರಿ. ಕತ್ತಿನ ಸುತ್ತ ಬೆಳ್ಳನೆಯ ಕೊರಳಪಟ್ಟಿ ಇಲ್ಲ, ಆದ್ದರಿಂದ ಬಿಳಿ ಸೆಳೆವವಲ್ಲ, ಮಾಂಟೆಗು. ಗಂಡೋ ಹೆಣ್ಣೋ ಎಂಬುದಕ್ಕೆ ಟೊಪ್ಪಿಗೆಯನ್ನು ಒಂದು ಕ್ಷಣ ಸರಿಸಿ ಕಣ್ಣು ತೋರಿಸಿದರು. ಗಂಡುಮರಿಗಳ ಕಣ್ಣು ಬೂದು, ಹೆಣ್ಣಿನದು ಕಡುಗಂದು. ಇದು ಹೆಣ್ಣು. ಹಳದಿ ಕಾಲಿಗೆ ಒಂದು ಬದಿಯಲ್ಲಿ ಒಣಗಿದ ಎರಿ ಮಣ್ಣು ಹತ್ತಿತ್ತು, ಉಗುರಿನ ಸಂದಿನಲ್ಲಿ ಮಿಡತೆಯ ಒಂದು ಮುರಿದ ಕಾಲು. ಕಝಾಕಸ್ತಾನದಲ್ಲೋ ರಷ್ಯಾದ ದಕ್ಷಿಣದ ಹುಲ್ಲುಗಾವಲಿನಲ್ಲೋ ಹುಟ್ಟಿ, ದಾರಿ ತೋರುವ ತಂದೆ ತಾಯಿಯ ಜೊತೆಯಿಲ್ಲದೆ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಬಂದದ್ದು ಅದು, ಮಾರ್ಚ್ ಏಪ್ರಿಲಿನಲ್ಲಿ ಹಿಂತಿರುಗಬೇಕು. ಕೊಕ್ಕಿನಿಂದ ಕಚ್ಚಿ ಬಿಡಿಸಲಾಗದಂತೆ ಮಡಚುವ ನಾಲಗೆಯುಳ್ಳ ಉಂಗುರವನ್ನು ತೊಡಿಸಿ ಅದನ್ನು ಬಿಟ್ಟಾಗ, ಹುಲ್ಲಿಗೆ ಮರಳದೆ ನೇರವಾಗಿ ಜೋಳದ ಹೊಲದತ್ತ ಹೋಯಿತು. ಅದರ ಬೆಳಗಿನ ಬೇಟೆ ನಮ್ಮಿಂದಾಗಿ ಅರ್ಧ ತಾಸು ತಡವಾಗಿತ್ತು.

ಬಿಸಿಲಿಗೆ ಕುಳಿತು ಸುಸಲಾ, ಮಿರ್ಚಿ ಭಜಿ ತಿನ್ನುವಾಗ ಸಂಶೋಧಕರು ಉಂಗುರದ ಹಳೆಯ ಕಥೆ ಹೇಳಿದರು. ಡೆನ್ಮಾರ್ಕಿನ ಶಾಲಾ ಶಿಕ್ಷಕ ಹಾನ್ಸ್ ಮಾರ್ಟೆನ್ಸನ್ 1899ರಲ್ಲಿ ಕಬ್ಬಕ್ಕಿಗಳ ಕಾಲಿಗೆ ಸಂಖ್ಯೆಯಿರುವ ಅಲ್ಯೂಮಿನಿಯಂ ಉಂಗುರ ತೊಡಿಸಿದ್ದು ಇದರ ಆರಂಭ. ಶಿಕ್ಷಕನೆಂದು ಕೇಳಿ ನಮ್ಮ ಮಾಸ್ತರರು ನೆಟ್ಟಗೆ ಕುಳಿತರು. ನಮ್ಮಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಲ್ಲಿ ಶುರುಮಾಡಿತು, ಆದರೆ ಅದು ದೊಡ್ಡ ಪ್ರಮಾಣದಲ್ಲಿ ನಡೆಯಲು ಕಾರಣ ನಮ್ಮ ರಾಜ್ಯದ್ದೇ ಒಂದು ರೋಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದರ ವೈರಸ್ಸು ಸೈಬೀರಿಯದ ಕಡೆಯ ಒಂದು ರೋಗದ ವೈರಸ್ಸಿಗೆ ಹತ್ತಿರದ್ದಾಗಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳು ಅದನ್ನು ತಂದಿರಬಹುದೇ ಎಂಬ ಅನುಮಾನದಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, 1959ರಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಸಾವಿರಗಟ್ಟಲೆ ಹಕ್ಕಿಗಳಿಗೆ ಉಂಗುರ ತೊಡಿಸಲಾಯಿತು. ಮಲೆನಾಡಿನ ಮಂಗಗಳ ಸಾವಿನಿಂದ ದೇಶದ ವಲಸೆ ಹಕ್ಕಿಗಳ ಅಧ್ಯಯನ ಬೆಳೆಯಿತೆಂಬುದು ಆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೆ ಹಿಂದಿನ ದಿನದ ಯಜಮಾನರು ಎಮ್ಮೆಗಳನ್ನು ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದರು. ಉಳಿದಿದ್ದ ಒಂದು ಉಂಗುರವನ್ನು ಅಂಗೈಯಲ್ಲಿಟ್ಟು, ಬಿಸಿಲಿಗೆ ಹಿಡಿದು ನೋಡಿದರು.

"ನಮ್ಮ ಎಮ್ಮಿ ಕಿವಿಗೂ ಹಿಂಗ ಹಳದಿ ಬಿಲ್ಲಿ ಹೊಡದಾರ್ರೀ, ಹನ್ನೆಡ್ಡು ನಂಬರ್ ಅದಾವ. ಕಳದ್ರ ಸಿಗ್ತೈತಿ ಅಂತಾರ. ನಿಮ್ಮ ಗಿಡಗ ಕಳದ್ರ ಯಾರ್ ಹುಡುಕ್ತಾರ?"

"ಯಾರೂ ಹುಡುಕೂದಿಲ್ಲ ಯಜಮಾನ್ರ. ಸತ್ತು ಬಿದ್ದದ್ದು ನಿಮ್ಮಂಥವರ ಕಣ್ಣಿಗೆ ಬಿದ್ರ ಆತು, ಇಲ್ಲಂದ್ರ ಇಲ್ಲ" ಎಂದರು ಸಂಶೋಧಕರು.

ಇಡೀ ಪ್ರವಾಸದಲ್ಲಿ ನನಗೆ ಮುಖ್ಯವೆನಿಸಿದ ಮಾತು ಅದೇ. ಉಂಗುರ ತೊಡಿಸಿದ ಹಕ್ಕಿಗಳಲ್ಲಿ ಮತ್ತೆ ಸುದ್ದಿ ಸಿಗುವುದು ತೀರ ಕೆಲವಕ್ಕೆ, ಆ ಕೆಲವಾದರೂ ಸಿಗುವುದು ಹೊಲದಲ್ಲಿ, ಬಾವಿಯ ದಂಡೆಯಲ್ಲಿ, ವಿದ್ಯುತ್ ಕಂಬದ ಬುಡದಲ್ಲಿ. ಅಲ್ಲಿ ಮೊದಲು ಹೋಗುವವರು ಕುರಿಗಾಹಿಗಳು ಮತ್ತು ರೈತರು, ದುರ್ಬೀನು ಕೊರಳಿಗೆ ಹಾಕಿಕೊಂಡ ನಾವಲ್ಲ. ಉಂಗುರದ ಮೇಲೆ ಇರುವುದಾದರೂ ಇಂಗ್ಲಿಷಿನಲ್ಲಿ, "ಇನ್‌ಫಾರ್ಮ್ ಬಾಂಬೆ ನ್ಯಾಟ್ ಹಿಸ್ಟ್ ಸೊಸೈಟಿ" ಎಂಬ ಸಣ್ಣ ಅಕ್ಷರ ಮತ್ತು ಒಂದು ಸಂಖ್ಯೆ. ಅಷ್ಟು ಕಿರಿದಾದ ಲೋಹದಲ್ಲಿ ಅದಕ್ಕಿಂತ ಹೆಚ್ಚು ಹಿಡಿಸುವುದೂ ಇಲ್ಲ. ಹೀಗಾಗಿ ಸಂದರ್ಶಕರ ಕೈಗೆ ಹಕ್ಕಿ ಕೊಡುವುದಕ್ಕಿಂತ, ಸುತ್ತಲಿನ ಹಳ್ಳಿಗಳಲ್ಲಿ ಹತ್ತು ಮನೆಗೆ ಈ ವಿಷಯ ತಿಳಿಸುವುದರಿಂದಲೇ ಕೆಲಸ ಹೆಚ್ಚು ಸಾಗುತ್ತದೆಂದು ನನಗನ್ನಿಸುತ್ತದೆ.

ಯಜಮಾನರು ಉಂಗುರ ಹಿಂದಿರುಗಿಸಿ, ಅದು ಸಿಕ್ಕರೆ ಏನು ಮಾಡಬೇಕೆಂದು ಕೇಳಿದರು. ಹಕ್ಕಿ ಜೀವಂತವಿದ್ದರೆ ಉಂಗುರ ಬಿಚ್ಚಬಾರದು, ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಸತ್ತಿದ್ದರೆ ಸಂಖ್ಯೆ, ತಾರೀಖು, ಊರಿನ ಹೆಸರು ಬರೆದು ತಿಳಿಸಬೇಕು ಎಂದು ಸಂಶೋಧಕರು ವಿವರಿಸಿದರು. ಯಜಮಾನರು ಎಲ್ಲವನ್ನೂ ಕೇಳಿಕೊಂಡು, ಎಮ್ಮೆಗಳ ಕಡೆ ಒಮ್ಮೆ ನೋಡಿ, ಮತ್ತೆ ಇತ್ತ ತಿರುಗಿದರು.

"ಫೋನ್ ಹಚ್ಚಿದ್ರ ಕನ್ನಡದಾಗ ಮಾತಾಡ್ತಾರೇನ್ರೀ ಮುಂಬಯ್ಯಾಗ?"

ಸಂಶೋಧಕರು ನಕ್ಕು, ಮಾಸ್ತರರ ಪುಸ್ತಕದಿಂದ ಒಂದು ಹಾಳೆ ಹರಿದು ತಮ್ಮದೇ ನಂಬರ್ ಬರೆದುಕೊಟ್ಟರು. ಯಜಮಾನರು ಅದನ್ನು ಟವೆಲಿನ ಮಡಿಕೆಯಲ್ಲಿ ಸೇರಿಸಿ, "ರಾತ್ರಿ ಎಂಟರ ಮ್ಯಾಲೆ ಹಚ್ತೀನಿ, ಹಗಲಿ ಹೊಲದಾಗ ರೇಂಜ್ ಇರೂದಿಲ್ಲ" ಎಂದು ಎಮ್ಮೆಗಳ ಹಿಂದೆ ಹೊರಟರು.